ಗಣಕಜಾಲದ ಒಡಂಬಡಿಕೆಗಳು ಮತ್ತು ಕನ್ನಡ ಲಿಪಿ: ಕೆಲವು ವಿಚಾರಗಳು

ಕನ್ನಡ ಮತ್ತು ಗಣಕದ ಸಂಬಂಧವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಎರಡು ವಿಷಯಗಳನ್ನು ಆಶ್ರಯಿಸಿವೆ. ಒಂದು ಕೀಲಿಮಣೆ, ಇನ್ನೊಂದು ಅಕ್ಷರವಿನ್ಯಾಸ. ಕನ್ನಡವನ್ನು ಗಣಕಕ್ಕೆ ಊಡಿಸುವುದು ಹೇಗೆ, ಊಡಿಸಿದ ಕನ್ನಡವು ತೆರೆಯ ಮೇಲೆ ಅಂದವಾಗಿ ಮೂಡುವುದು ಹೇಗೆ ಎಂಬ ಪ್ರಶ್ನೆಗಳಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಮೊದಲ್ಗೊಂಡು ‘ಬರಹ’, ‘ನುಡಿ’ ತಂತ್ರಾಂಶಗಳವರೆಗೆ ಹಲವು ಉತ್ತರಗಳು ದೊರೆತಿವೆ. ಆದರೆ ಒಂದು ಗಣಕದಲ್ಲಿ ಮೂಡಿದ ಕನ್ನಡವು ಮತ್ತೊಂದು ಗಣಕವನ್ನು ತಲುಪುವ ದಾರಿಯಲ್ಲಿ ಏನಾಗುತ್ತದೆ, ಆ ದಾರಿಯ ನಿಯಮಗಳನ್ನು ರೂಪಿಸಿದವರು ಯಾರು, ರೂಪಿಸುವಾಗ ಅವರ ಕಣ್ಣ ಮುಂದಿದ್ದ ಲಿಪಿ ಯಾವುದು ಎಂಬ ಪ್ರಶ್ನೆಗಳು ಕನ್ನಡ ಅಧ್ಯಯನದ ಅಂಗಳಕ್ಕೆ ಅಷ್ಟಾಗಿ ಬಂದಿಲ್ಲ.

ಈ ನಿಯಮಗಳನ್ನು ಇಂಗ್ಲಿಷಿನವರು ‘ಪ್ರೋಟೋಕಾಲ್’ ಎಂದು ಕರೆಯುತ್ತಾರೆ. ಇದು ಇಂಜಿನಿಯರರ ವಿಷಯ, ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ಗೊಡವೆ ಏಕೆ ಎಂದು ಕೇಳುವವರು ಇದ್ದಾರೆ. ಪ್ರಸ್ತುತ ಬರಹವು ಈ ಪ್ರಶ್ನೆಗೆ ಉತ್ತರಿಸುವ ಒಂದು ಪ್ರಯತ್ನ. ಪ್ರೋಟೋಕಾಲ್ ಎಂಬುದು ಮೂಲತಃ ಒಂದು ಭಾಷಿಕ ಒಪ್ಪಂದ. ಆ ಒಪ್ಪಂದವು ರೂಪುಗೊಂಡಾಗ ಕನ್ನಡ ಲಿಪಿಯನ್ನು ಬಲ್ಲವರು ಅಲ್ಲಿರಲಿಲ್ಲ. ಅದರ ಪರಿಣಾಮವನ್ನು ನಾವು ಈಗಲೂ ಅನುಭವಿಸುತ್ತಿದ್ದೇವೆ. ಆದ್ದರಿಂದ ಈ ಒಪ್ಪಂದಗಳ ಅಧ್ಯಯನವು ಕನ್ನಡ ವಿಭಾಗಗಳ ಕೆಲಸವೂ ಹೌದು ಎಂಬುದು ಇಲ್ಲಿನ ವಾದ.

1. ಪದದ ವಿಚಾರ

‘ಪ್ರೋಟೋಕಾಲ್’ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ‘ಪ್ರೋಟೋಸ್’ ಎಂದರೆ ಮೊದಲನೆಯದು, ‘ಕೊಲ್ಲ’ ಎಂದರೆ ಅಂಟು. ಪಪೈರಸ್ ಸುರುಳಿಗೆ ಮೊದಲಿಗೆ ಅಂಟಿಸುತ್ತಿದ್ದ ಹಾಳೆಗೆ ಈ ಹೆಸರಿತ್ತು. ಹಸ್ತಪ್ರತಿಯೊಂದರ ಮೊದಲ ಹಾಳೆಯ ಹೆಸರು ಕಾಲಾಂತರದಲ್ಲಿ ದಸ್ತಾವೇಜಿಗೂ, ಅಲ್ಲಿಂದ ರಾಜತಾಂತ್ರಿಕ ನಡವಳಿಕೆಗೂ, 1960ರ ದಶಕದಲ್ಲಿ ಗಣಕಗಳ ಪರಸ್ಪರ ವ್ಯವಹಾರಕ್ಕೂ ಸಂದಿತು. ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ಪದ ಅಪರಿಚಿತವಾಗಬೇಕಿಲ್ಲ.

ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು? ‘ಶಿಷ್ಟಾಚಾರ’ ಎಂಬುದು ಸರ್ಕಾರಿ ವ್ಯವಹಾರದಲ್ಲಿ ರೂಢವಾಗಿರುವ ಪದ. ಗಣ್ಯರ ಸ್ವಾಗತಕ್ಕೆ ಒಪ್ಪುವ ಈ ಪದದಲ್ಲಿ ಶಿಷ್ಟರು ನಡೆದಂತೆ ಇತರರು ನಡೆಯಬೇಕೆಂಬ ಧ್ವನಿ ಇದೆ. ‘ನಿಯಮಾವಳಿ’ ಎಂದರೆ ಮೇಲಿನಿಂದ ವಿಧಿಸಿದ್ದು ಎಂಬ ಭಾವ ಬರುತ್ತದೆ. ‘ಕಟ್ಟುಪಾಡು’ ಪದಕ್ಕೆ ಸಾಮಾಜಿಕ ನಿರ್ಬಂಧದ ನೆನಪು ಅಂಟಿಕೊಂಡಿದೆ. ‘ಒಡಂಬಡಿಕೆ’ಯು ಬೈಬಲ್ ಅನುವಾದದ ಮೂಲಕ ನಮಗೆ ಹೆಚ್ಚು ಪರಿಚಿತವಾದ ಪದವಾದರೂ, ಇಬ್ಬರು ಸಮಾನರು ಪರಸ್ಪರ ಒಪ್ಪಿ ನಡೆಯುವುದು ಎಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿದೆ. ಜಾಲದಲ್ಲಿ ನಡೆಯುವುದೂ ಅದೇ. ಒಪ್ಪಂದವನ್ನು ಪಾಲಿಸಲೇಬೇಕೆಂದು ಯಾವ ಗಣಕವನ್ನೂ ಯಾರೂ ಬಲವಂತ ಮಾಡುವುದಿಲ್ಲ. ಪಾಲಿಸದಿದ್ದರೆ ಅದರ ಮಾತು ಯಾರಿಗೂ ತಿಳಿಯುವುದಿಲ್ಲ, ಅಷ್ಟೆ. ಈ ಕಾರಣದಿಂದ ಮುಂದೆ ‘ಒಡಂಬಡಿಕೆ’ ಎಂಬ ಪದವನ್ನೇ ಬಳಸಲಾಗಿದೆ.

2. ಓಲೆಗರಿ ಮತ್ತು ಪೊಟ್ಟಣ

1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಕವೊಂದರಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಗಣಕಕ್ಕೆ ‘ಲಾಗಿನ್’ ಎಂಬ ಪದವನ್ನು ಕಳುಹಿಸುವ ಯತ್ನ ನಡೆಯಿತು. ‘ಎಲ್’ ಮತ್ತು ‘ಓ’ ಎಂಬ ಎರಡು ಅಕ್ಷರಗಳು ತಲುಪಿದ ಮೇಲೆ ಆಚೆಯ ಗಣಕ ಸ್ತಬ್ಧವಾಯಿತು. ‘ಅರ್ಪಾನೆಟ್’ ಎಂಬ ಆ ಜಾಲವೇ ಇಂದಿನ ಅಂತರಜಾಲದ ಪೂರ್ವರೂಪ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧವು ಬೇರೆ ಬೇರೆ ಜಾಲಗಳನ್ನು ಬೆಸೆಯುವ ಒಡಂಬಡಿಕೆಗೆ ತಳಹದಿ ಹಾಕಿತು. ಅದರಿಂದ ಬೆಳೆದ ಟಿ.ಸಿ.ಪಿ. ಮತ್ತು ಐ.ಪಿ. ಎಂಬ ಜೋಡಿ ಒಡಂಬಡಿಕೆಗಳಿಗೆ 1983ರ ಜನವರಿ 1ರಂದು ಅರ್ಪಾನೆಟ್ ಬದಲಾಯಿತು. ಇಂದಿಗೂ ಅಂತರಜಾಲದ ಬೆನ್ನೆಲುಬು ಈ ಜೋಡಿಯೇ.

ಇವುಗಳ ಕಾರ್ಯವಿಧಾನವನ್ನು ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಲ್ಲರು. ಕಳುಹಿಸಬೇಕಾದ ಬರಹವನ್ನು ಗಣಕವು ಇಡಿಯಾಗಿ ಕಳುಹಿಸುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿಯೊಂದು ಪೊಟ್ಟಣದ ತಲೆಯಲ್ಲಿ ಎಲ್ಲಿಂದ ಬಂದಿತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸಗಳಿರುತ್ತವೆ. ಈ ವಿಳಾಸದ ಹೊಣೆ ಐ.ಪಿ.ಯದು. 1981ರಲ್ಲಿ ನಿಗದಿಯಾದ ಅದರ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸವು 32 ಬಿಟ್‌ಗಳದ್ದು. ಆದ್ದರಿಂದ ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಅವು ಸಾಲದೆ ಬಂದುದರಿಂದ 128 ಬಿಟ್‌ಗಳ ಆರನೆಯ ಆವೃತ್ತಿ ಬಳಕೆಗೆ ಬಂದಿದೆ. ಪೊಟ್ಟಣಗಳು ಒಂದೇ ದಾರಿಯಲ್ಲಿ ಸಾಗಬೇಕೆಂದಿಲ್ಲ, ಹೊರಟ ಕ್ರಮದಲ್ಲೇ ತಲುಪಬೇಕೆಂದೂ ಇಲ್ಲ.

ಹೀಗೆ ಚೆದುರಿ ಬಂದವುಗಳನ್ನು ಮತ್ತೆ ಜೋಡಿಸುವುದು ಟಿ.ಸಿ.ಪಿ.ಯ ಕೆಲಸ. ಅದು ಕಳುಹಿಸುವ ಬರಹದ ಬೈಟುಗಳಿಗೆ ಕ್ರಮಸಂಖ್ಯೆ ಹಾಕುತ್ತದೆ. ತಾಳೆಗರಿಯ ಅಂಚಿನಲ್ಲಿ ಲಿಪಿಕಾರನು ಬರೆಯುತ್ತಿದ್ದ ಗರಿಯ ಸಂಖ್ಯೆಯ ಉದ್ದೇಶವೂ ಇದೇ. ದಾರ ಕಡಿದು ಕಟ್ಟು ಚೆದುರಿದರೂ ಗರಿಗಳನ್ನು ಮತ್ತೆ ಜೋಡಿಸಬಹುದು. ಮಾತು ಆರಂಭಿಸುವ ಮೊದಲು ಎರಡೂ ಗಣಕಗಳು ಮೂರು ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ‘ಮಾತನಾಡಲೇ?’ ಎಂದು ಒಂದು ಕೇಳುತ್ತದೆ. ‘ಕೇಳಿಸಿತು, ನಾನೂ ಮಾತನಾಡಲೇ?’ ಎಂದು ಇನ್ನೊಂದು ಹೇಳುತ್ತದೆ. ‘ಕೇಳಿಸಿತು’ ಎಂದು ಮೊದಲನೆಯದು ಒಪ್ಪುತ್ತದೆ. ಬಳಿಕವಷ್ಟೇ ಬರಹ ಹೊರಡುತ್ತದೆ. ತಲುಪಿದ್ದಕ್ಕೆ ಪಾವತಿ ಬಾರದಿದ್ದರೆ ಆ ಭಾಗವನ್ನು ಮತ್ತೆ ಕಳುಹಿಸಲಾಗುತ್ತದೆ.

ದಾರಿಯಲ್ಲಿ ಬರಹ ಕೆಟ್ಟಿದೆಯೇ ಎಂದು ತಿಳಿಯಲು ‘ತಾಳೆಮೊತ್ತ’ವೊಂದನ್ನು ಜೊತೆಗೆ ಕಳುಹಿಸುತ್ತಾರೆ. ಕಂದಪದ್ಯದಲ್ಲಿ 12, 20, 12, 20 ಎಂಬ ಮಾತ್ರೆಗಳ ಲೆಕ್ಕ ತಪ್ಪಿದಾಗ ಲಿಪಿಕಾರನು ಏನನ್ನೋ ಬಿಟ್ಟಿದ್ದಾನೆ ಎಂದು ಸಂಪಾದಕನಿಗೆ ತಿಳಿಯುತ್ತದೆ. ಆದರೆ ಏನನ್ನು ಬಿಟ್ಟಿದ್ದಾನೆ ಎಂಬುದನ್ನು ಛಂದಸ್ಸು ಹೇಳಲಾರದು. ತಾಳೆಮೊತ್ತದ ಸ್ವಭಾವವೂ ಹೀಗೆಯೇ. ಸಮಾನ ಮಾತ್ರೆಗಳ ಎರಡು ಪದಗಳು ಸ್ಥಾನ ಬದಲಿಸಿದರೆ ಮಾತ್ರೆಯ ಲೆಕ್ಕವು ಅದನ್ನು ಹಿಡಿಯಲಾರದು. ಟಿ.ಸಿ.ಪಿ.ಯ ತಾಳೆಮೊತ್ತವೂ 16 ಬಿಟ್‌ಗಳ ಎರಡು ತುಣುಕುಗಳು ಅದಲುಬದಲಾದರೆ ಬದಲಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು’ ಎಂಬ ಅಗ್ಗದ ಹೆಮ್ಮೆಗೆ ಈ ಹೋಲಿಕೆ ಆಧಾರವಾಗಬಾರದು. ವ್ಯತ್ಯಾಸವೇ ಇಲ್ಲಿ ಹೆಚ್ಚು ಮಹತ್ವದ್ದು. ಜಾಲದಲ್ಲಿ ತಪ್ಪು ಕಂಡಾಗ ಮೂಲಪ್ರತಿ ಇನ್ನೂ ಕಳುಹಿಸಿದವರ ಬಳಿ ಇರುತ್ತದೆ, ಮತ್ತೊಮ್ಮೆ ತರಿಸಿಕೊಳ್ಳಬಹುದು. ಗ್ರಂಥಸಂಪಾದಕನಿಗೆ ಆ ಭಾಗ್ಯವಿಲ್ಲ, ಕವಿಯ ಸ್ವಹಸ್ತಪ್ರತಿ ಎಂದೋ ಅಳಿದಿರುತ್ತದೆ. ಇನ್ನೊಂದೆಡೆ ಲಿಪಿಕಾರನು ತಾನು ಬರೆಯುತ್ತಿರುವುದನ್ನು ಅರ್ಥಮಾಡಿಕೊಳ್ಳುತ್ತಾನೆ, ಕೆಲವೊಮ್ಮೆ ತಿದ್ದುತ್ತಾನೆ. ಜಾಲಕ್ಕೆ ಅರ್ಥದ ಗೊಡವೆ ಇಲ್ಲ. ಅದಕ್ಕೆ ಪಂಪನ ಕಾವ್ಯವೂ ವಿದ್ಯುತ್ ಬಿಲ್ಲೂ ಒಂದೇ ಬಗೆಯ ಬೈಟುಗಳು.

ಹಾಗಾದರೆ ಅರ್ಥವನ್ನು ನೋಡಿಕೊಳ್ಳುವವರು ಯಾರು? ಇದಕ್ಕೆ ಉತ್ತರ ಪದರಗಳ ಕಲ್ಪನೆಯಲ್ಲಿದೆ. ತಂತಿ ಅಥವಾ ರೇಡಿಯೋ ಅಲೆಯ ಪದರದ ಮೇಲೆ ಐ.ಪಿ., ಅದರ ಮೇಲೆ ಟಿ.ಸಿ.ಪಿ., ಎಲ್ಲಕ್ಕೂ ಮೇಲೆ ಅಂಚೆಗೆ ಎಸ್.ಎಂ.ಟಿ.ಪಿ., ಹೆಸರುಗಳಿಗೆ ಡಿ.ಎನ್.ಎಸ್., ಜಾಲಪುಟಗಳಿಗೆ ಎಚ್.ಟಿ.ಟಿ.ಪಿ. ಎಂಬ ಬಳಕೆಯ ಪದರ. ಕೆಳಗಿನ ಪದರಗಳು ಲಿಪಿಭೇದವನ್ನು ಅರಿಯವು. ಅಲ್ಲಿ ಕನ್ನಡಕ್ಕೆ ಎಂದೂ ಅಡ್ಡಿ ಇರಲಿಲ್ಲ. ಅಡ್ಡಿ ಬಂದದ್ದು ಮನುಷ್ಯರ ಬರಹವನ್ನು ಮುಟ್ಟುವ ಮೇಲಿನ ಪದರದಲ್ಲಿ.

3. ಏಳು ಬಿಟ್‌ಗಳ ಜಗತ್ತು

ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ‘ಆಸ್ಕಿ’ ಸಂಕೇತವು ಏಳು ಬಿಟ್‌ಗಳದ್ದು. ಅದರಲ್ಲಿ ಇರುವುದು ಕೇವಲ 128 ಸ್ಥಾನಗಳು. ಇಂಗ್ಲಿಷಿಗೆ ಅದು ಸಾಕು. 1982ರಲ್ಲಿ ನಿಗದಿಯಾದ ಎಸ್.ಎಂ.ಟಿ.ಪಿ. ಅಂಚೆಯ ಒಡಂಬಡಿಕೆಯು ಪತ್ರವೆಂದರೆ ಈ ಏಳು ಬಿಟ್‌ಗಳ ಬರಹ ಎಂದೇ ಭಾವಿಸಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿ.ಎನ್.ಎಸ್. ವ್ಯವಸ್ಥೆಯಲ್ಲಿಯೂ ಗಣಕದ ಹೆಸರೆಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಎಂಬ ರೂಢಿ ನಿಂತಿತು. ಇದರಲ್ಲಿ ದುರುದ್ದೇಶ ಇತ್ತೆಂದು ಹೇಳಲು ಆಧಾರವಿಲ್ಲ. ತಮ್ಮ ಮುಂದಿದ್ದ ಲಿಪಿಯನ್ನೇ ಲಿಪಿಯೆಂದು ಅವರು ತಿಳಿದರು. ಆದರೆ ಒಡಂಬಡಿಕೆಯಲ್ಲಿ ಒಮ್ಮೆ ಸೇರಿದ ಊಹೆಯು ಕಲ್ಲಿನ ಮೇಲಿನ ಬರಹದಂತೆ ಉಳಿಯುತ್ತದೆ, ಏಕೆಂದರೆ ಅದನ್ನು ಬದಲಿಸಲು ಎಲ್ಲರೂ ಬದಲಾಗಬೇಕು.

ಭಾರತದಲ್ಲಿ ಜಾಲದ ಕೆಲಸವು 1986ರಲ್ಲಿ ‘ಅರ್ನೆಟ್’ ಯೋಜನೆಯೊಂದಿಗೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲ್ಗೊಂಡಿತ್ತು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ‘ಇಸ್ಕಿ’ ಎಂಬ ಎಂಟು ಬಿಟ್‌ಗಳ ಸಂಕೇತವನ್ನು ಅಂಗೀಕರಿಸಿತ್ತಾದರೂ ನಮ್ಮ ಪ್ರಕಾಶನ ಕ್ಷೇತ್ರದಲ್ಲಿ ಅದು ಬೇರೂರಲಿಲ್ಲ. ಬದಲಾಗಿ ಕನ್ನಡದ ತಂತ್ರಾಂಶಗಳು ಒಂದು ಜಾಣ ಉಪಾಯವನ್ನು ಹಿಡಿದವು. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಇಟ್ಟವು.

ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು ಚಿತ್ರ. ಅದರ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಾನದಲ್ಲಿದೆ. ತಲೆಕಟ್ಟು ಸ್ವರಚಿಹ್ನೆಯುಳ್ಳ ದೊಡ್ಡ ‘ಎ’ಯ ಸ್ಥಾನದಲ್ಲಿದೆ. ‘ನ’ಕಾರದ ಒಡಲು ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆಯ ಸ್ಥಾನದಲ್ಲಿ. ಫಾಂಟು ಇದ್ದಾಗ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಗಣಕದ ಪಾಲಿಗೆ ಅದು ಎಂದೂ ಕನ್ನಡವಾಗಿರಲಿಲ್ಲ. ಇದನ್ನು ಖಾಸಗಿ ಒಡಂಬಡಿಕೆ ಎನ್ನಬಹುದು. ಒಂದೇ ಕಚೇರಿಯೊಳಗೆ, ಒಂದೇ ಮುದ್ರಣಾಲಯದೊಳಗೆ ಅದು ಸೊಗಸಾಗಿ ನಡೆಯಿತು. ಕಾಗದದ ಮೇಲೆ ಅಚ್ಚಾದಾಗ ಯಾವ ಕೊರತೆಯೂ ಕಾಣಲಿಲ್ಲ. ಆ ಒಪ್ಪಂದವನ್ನು ಅರಿಯದ ಗಣಕವನ್ನು ತಲುಪಿದಾಗ ಮಾತ್ರ ‘ಕನ್ನಡ’ ಎಂಬ ಪದವೇ ಪೌಂಡಿನ ಚಿಹ್ನೆಯನ್ನು ನಡುವೆ ಇಟ್ಟುಕೊಂಡ ರೋಮನ್ ಗೊಂದಲವಾಗಿ ತೆರೆಯಿತು.

ಇದರ ನಷ್ಟವನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ. ಎರಡು ದಶಕಗಳ ಹಿಂದೆ ಸಿ.ಡಿ.ಗಳಲ್ಲಿ ಸಲ್ಲಿಕೆಯಾದ ಎಷ್ಟೋ ಕನ್ನಡ ಮಹಾಪ್ರಬಂಧಗಳು ಇಂದು ತೆರೆದರೂ ಓದಲು ಬಾರವು. ಫಾಂಟನ್ನು ಹುಡುಕಿ ಓದಿದರೂ ಅವುಗಳಲ್ಲಿ ಒಂದು ಪದವನ್ನು ಕನ್ನಡದಲ್ಲಿ ಟೈಪಿಸಿ ಹುಡುಕಲಾಗದು. ಪರಿವರ್ತಕ ತಂತ್ರಾಂಶಗಳು ಇವೆಯಾದರೂ ಹಳಗನ್ನಡದ ಱ, ೞಗಳು ಮತ್ತು ಶಾಸನಪಾಠಗಳಿಗೆ ಬಳಸಿದ ವಿಶೇಷ ಚಿಹ್ನೆಗಳು ಬಂದಲ್ಲಿ ಪರಿವರ್ತಿತ ಪಾಠವನ್ನು ಮೂಲದೊಡನೆ ಹೋಲಿಸಿ ನೋಡದೆ ನಂಬಲಾಗದು. ಸಾವಿರ ವರ್ಷದ ಶಾಸನವನ್ನು ಓದಬಲ್ಲ ನಾವು ಇಪ್ಪತ್ತು ವರ್ಷದ ಹಿಂದಿನ ಸಂಶೋಧನೆಯನ್ನು ಓದಲಾಗದೆ ಕುಳಿತಿರುವುದು ವಿಪರ್ಯಾಸವೇ ಸರಿ.

4. ಕಾಣದ ಪಾಠಾಂತರಗಳು

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯು.ಟಿ.ಎಫ್.-8 ಎಂಬ ವಿಧಾನವು ಹಳೆಯ ಆಸ್ಕಿ ಬರಹವನ್ನು ಕೆಡಿಸದೆ ಜಗತ್ತಿನ ಎಲ್ಲ ಲಿಪಿಗಳೂ ಜಾಲದಲ್ಲಿ ಸಂಚರಿಸಲು ದಾರಿ ಮಾಡಿಕೊಟ್ಟಿತು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ‘ಕನ್ನಡ’ ಎಂಬ ಪದದಲ್ಲಿ ವಿರಾಮಚಿಹ್ನೆಯೂ ಸೇರಿ ಐದು ಸಂಕೇತಗಳಿವೆ, ಅಂದರೆ 15 ಬೈಟುಗಳು. ಅಂಚೆಯ ಏಳು ಬಿಟ್‌ಗಳ ದಾರಿಯನ್ನು ದಾಟಿಸಲು 1992ರ ‘ಮೈಮ್’ ಒಡಂಬಡಿಕೆಯು ಒದಗಿಸಿದ ‘ಬೇಸ್ 64’ ವಿಧಾನವು ಪ್ರತಿ ಮೂರು ಬೈಟುಗಳನ್ನು ನಾಲ್ಕು ಆಸ್ಕಿ ಅಕ್ಷರಗಳಾಗಿಸುತ್ತದೆ. ಹೀಗೆ ಆ ಐದು ಸಂಕೇತಗಳು 20 ಅಕ್ಷರಗಳ ಪರವೇಷ ತೊಟ್ಟು ಪಯಣಿಸುತ್ತವೆ. ಮೊಬೈಲಿನ ಕಿರುಸಂದೇಶದಲ್ಲಿಯೂ ಇದೇ ಬಗೆಯ ಅಂತರವಿದೆ. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರಗಳು. ಯೂನಿಕೋಡ್ ವಿಧಾನದಲ್ಲಿ ಕಳುಹಿಸಿದ ಕನ್ನಡಕ್ಕೆ 70 ಸಂಕೇತಗಳು ಮಾತ್ರ.

ಬೈಟುಗಳ ಈ ಸುಂಕವನ್ನು ಇಂದಿನ ವೇಗದ ಜಾಲದಲ್ಲಿ ಕಡೆಗಣಿಸಬಹುದು. ಕಡೆಗಣಿಸಲಾಗದ ಸಮಸ್ಯೆಗಳು ಬೇರೆ ಇವೆ, ಮತ್ತು ಅವು ನೇರವಾಗಿ ನಮ್ಮ ಶಾಸ್ತ್ರಕ್ಕೆ ಸೇರಿದವು. ಯೂನಿಕೋಡಿನಲ್ಲಿ ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದ ಬರೆಯಬಹುದು, ಎತ್ವ, ಕೊಂಬು, ದೀರ್ಘಗಳ ಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ ಬರಹಗಳೂ ಹೇರಳವಾಗಿವೆ. ಇವನ್ನು ಕಾಣದ ಪಾಠಾಂತರಗಳು ಎನ್ನಬಹುದು. ಓದುಗರಿಗೆ ಗೋಚರಿಸದ ಈ ಭೇದವು ಪದಪ್ರಯೋಗಕೋಶವನ್ನು ಸಿದ್ಧಪಡಿಸುವ ಸಂಶೋಧಕರ ಲೆಕ್ಕವನ್ನೆಲ್ಲ ತಪ್ಪಿಸುತ್ತದೆ. ಸ್ವರಚಿಹ್ನೆಗಳ ಇಂತಹ ಭೇದವನ್ನು ನಿವಾರಿಸಲು, ಜಾಲದಲ್ಲಿ ವಿನಿಮಯವಾಗುವ ಯೂನಿಕೋಡ್ ಬರಹವನ್ನು ಒಂದೇ ಪ್ರಮಾಣರೂಪಕ್ಕೆ ತರಬೇಕೆಂದು 2008ರ ಒಡಂಬಡಿಕೆಯೊಂದು ಸೂಚಿಸಿದೆ. ಪಾಠಸಂಪಾದನೆಯ ತತ್ತ್ವವೇ ಇಲ್ಲಿ ಇನ್ನೊಂದು ರೂಪದಲ್ಲಿದೆ. ಸೊನ್ನೆಯ ತಪ್ಪನ್ನು ಮಾತ್ರ ಅದು ಸರಿಪಡಿಸದು, ಅದಕ್ಕೆ ಕನ್ನಡ ಬಲ್ಲವರ ಕಣ್ಣೇ ಬೇಕು.

ಇನ್ನೊಂದು ನಿದರ್ಶನ ‘ರ’ಕಾರದ್ದು. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರುತ್ತದೆ. ‘ರ‍್ಯಾಂಕ್’, ‘ರ‍್ಯಾಲಿ’ ಮುಂತಾದ ಪದಗಳಲ್ಲಿ ಪೂರ್ಣ ರಕಾರಕ್ಕೆ ಯಕಾರದ ಒತ್ತು ಬರಬೇಕು. ಈ ಭೇದವನ್ನು ತೋರಿಸಲು ರಕಾರಕ್ಕೂ ವಿರಾಮಕ್ಕೂ ನಡುವೆ ಅಗೋಚರವಾದ ಒಂದು ಜೋಡಕ ಚಿಹ್ನೆಯನ್ನು ಇಡಬೇಕೆಂದು ಯೂನಿಕೋಡ್ ವಿಧಿಸುತ್ತದೆ. ಆದರೆ ಜಾಲತಾಣಗಳ ಹೆಸರುಗಳನ್ನು ಇತರ ಲಿಪಿಗಳಲ್ಲಿ ಬರೆಯಲು 2010ರಲ್ಲಿ ರೂಪಿಸಿದ ಒಡಂಬಡಿಕೆಯು ಆ ಚಿಹ್ನೆಯನ್ನು ವಿರಾಮದ ಬೆನ್ನಿಗೇ ಬಂದಾಗ ಮಾತ್ರ ಒಪ್ಪುತ್ತದೆ. ಅಂದರೆ ವಿರಾಮದ ಮುಂಚೆ ಅದನ್ನು ಇಡುವ ಕನ್ನಡದ ರೂಢಿ ಆ ನಿಯಮದ ಹೊರಗುಳಿಯಿತು. ‘ರ‍್ಯಾಂಕ್’ ಎಂಬ ಸರಳ ಪದವನ್ನು ಕನ್ನಡಿಗರು ಬರೆಯುವಂತೆಯೇ ಜಾಲತಾಣದ ಹೆಸರಾಗಿ ಬಳಸುವಂತಿಲ್ಲ. ಅಗೋಚರ ಚಿಹ್ನೆಗಳಿಂದ ವಂಚನೆ ನಡೆಯಬಹುದೆಂಬ ಆತಂಕ ನ್ಯಾಯವಾದದ್ದೇ. ಆದರೆ ಎರಡು ಒಡಂಬಡಿಕೆಗಳ ನಡುವಿನ ಈ ಬಿರುಕನ್ನು ಗುರುತಿಸಲು ಇಂಜಿನಿಯರಿಂಗ್ ಜ್ಞಾನದಷ್ಟೇ ಕನ್ನಡದ ಒತ್ತಕ್ಷರಗಳ ಅರಿವೂ ಬೇಕಿತ್ತು.

ಕನ್ನಡದಲ್ಲಿಯೇ ಬರೆದ ‘.ಭಾರತ’ ಎಂಬ ಉನ್ನತ ಹೆಸರು ಇಂದು ಜಾಲದ ಮೂಲವಲಯದಲ್ಲಿದೆ. ಅದು ಸಂತೋಷದ ಸಂಗತಿ. ಆದರೆ ಡಿ.ಎನ್.ಎಸ್.ನ ಒಳಗೆ ಅದು ‘ಎಕ್ಸ್‌ಎನ್’ ಎಂದು ಆರಂಭವಾಗುವ ರೋಮನ್ ಅಕ್ಷರಗಳ ರೂಪದಲ್ಲಿಯೇ ಸಂಚರಿಸುತ್ತದೆ. ಇಂತಹ ಹೆಸರುಗಳ ನಿಯಮ ರೂಪಿಸುವಾಗ ಎದುರಾಗುವ ಒಂದು ಮುಖ್ಯ ಪ್ರಶ್ನೆ, ಕನ್ನಡದ ಯಾವ ಅಕ್ಷರಗಳನ್ನು ತೆಲುಗಿನ ಅಕ್ಷರಗಳೆಂದು ಓದುಗರು ಭ್ರಮಿಸಬಹುದು ಎಂಬುದು. ಗ, ಜ, ರ, ಲ ಮೊದಲಾದವುಗಳ ಸಾಮ್ಯಕ್ಕೆ ಕಾರಣ ಎರಡೂ ಲಿಪಿಗಳ ಸಮಾನ ಮೂಲ. ಲಿಪಿಶಾಸ್ತ್ರದ ತರಗತಿಯಲ್ಲಿ ನಾವು ಓದುವ ಕನ್ನಡ–ತೆಲುಗು ಲಿಪಿಯ ಚರಿತ್ರೆ ಹೀಗೆ ಜಾಲದ ಸುರಕ್ಷತೆಯ ಪ್ರಶ್ನೆಯಾಗಿ ಮರಳಿ ಬಂದಿದೆ.

5. ಕನ್ನಡ ವಿಭಾಗಗಳ ಹೊಣೆ

ಅಂತರಜಾಲದ ಒಡಂಬಡಿಕೆಗಳು ‘ಆರ್.ಎಫ್.ಸಿ.’ ಎಂಬ ದಸ್ತಾವೇಜುಗಳಲ್ಲಿ ಪ್ರಕಟವಾಗುತ್ತವೆ. ಆ ಹೆಸರಿನ ಅರ್ಥವೇ ‘ಅಭಿಪ್ರಾಯಗಳಿಗೆ ಕೋರಿಕೆ’ ಎಂದು. 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಬರೆದ ಮೊದಲನೆಯದರಿಂದ ಈ ಪರಂಪರೆ ನಡೆದುಬಂದಿದೆ. ಇವನ್ನು ರೂಪಿಸುವ ‘ಐ.ಇ.ಟಿ.ಎಫ್.’ ಕೂಟದಲ್ಲಿ ಔಪಚಾರಿಕ ಸದಸ್ಯತ್ವ ಇಲ್ಲ, ಮತದಾನದಿಂದ ತೀರ್ಮಾನವೂ ಇಲ್ಲ. ಸ್ಥೂಲವಾದ ಸಹಮತ ಮತ್ತು ನಡೆಯುವ ತಂತ್ರಾಂಶ, ಇವೆರಡೇ ಆಧಾರ. ವೈಯಾಕರಣರು ಪ್ರಯೋಗಕ್ಕೆ ಶರಣು ಎಂಬ ನಮ್ಮ ಹಳೆಯ ಮಾತು ಇದಕ್ಕಿಂತ ದೂರದ್ದೇನಲ್ಲ. ಕೇಶಿರಾಜನ ಸೂತ್ರಗಳನ್ನು ಪ್ರಯೋಗಗಳೊಡನೆ ಇಟ್ಟು ಪರೀಕ್ಷಿಸಲು ಕಲಿತ ವಿದ್ಯಾರ್ಥಿಯು ಈ ದಸ್ತಾವೇಜುಗಳ ಸೂತ್ರಗಳನ್ನು ಕನ್ನಡದ ಪ್ರಯೋಗದೊಡನೆ ಇಟ್ಟು ನೋಡಬಲ್ಲ. ಬಾಗಿಲು ತೆರೆದೇ ಇದೆ. ಕೋರಿಕೆಗೆ ನಾವು ಉತ್ತರಿಸಿಲ್ಲ ಎಂಬುದಷ್ಟೇ ಕೊರತೆ.

ಭಾಷಾಪ್ರೇಮದ ಹೋರಾಟಗಳ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೊಂದಿದೆ. ನಾಮಫಲಕದ ಮೇಲಿನ ಕನ್ನಡ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ಅಭಾವವೂ ಕಾಣುತ್ತದೆ. ಒಡಂಬಡಿಕೆಯಲ್ಲಿನ ಅಭಾವ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಚೆಯ ವಿಳಾಸವನ್ನು ಪೂರ್ಣವಾಗಿ ಕನ್ನಡದಲ್ಲಿ ಬರೆಯಲು ಅವಕಾಶ ನೀಡುವ ಒಡಂಬಡಿಕೆ 2012ರಲ್ಲಿಯೇ ಸಿದ್ಧವಾಗಿದೆ. ಆದರೆ ನಮ್ಮ ಸಂಸ್ಥೆಗಳ ಅರ್ಜಿ ನಮೂನೆಗಳು ಅಂತಹ ವಿಳಾಸವನ್ನು ಸ್ವೀಕರಿಸುತ್ತವೆಯೇ ಎಂದು ಪರೀಕ್ಷಿಸಿ ನೋಡುವ ಗೋಜಿಗೆ ನಾವು ಹೋಗಿಲ್ಲ. ಒಡಂಬಡಿಕೆ ಇದ್ದ ಮಾತ್ರಕ್ಕೆ ಸಾಲದು, ಅದನ್ನು ಪಾಲಿಸಿರೆಂದು ಕೇಳುವವರೂ ಇರಬೇಕು.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ವಿದ್ವಾಂಸರ ಪರಿಶೀಲನೆಗೆ ಮುಂದಿಡಬಹುದು. ಒಂದು, ಕನ್ನಡ ಮಹಾಪ್ರಬಂಧಗಳನ್ನು ಯೂನಿಕೋಡಿನಲ್ಲಿ, ಪ್ರಮಾಣರೂಪಕ್ಕೆ ತಂದ ಪಠ್ಯವಾಗಿಯೇ ಸ್ವೀಕರಿಸಬೇಕು, ಮುದ್ರಿತ ಪ್ರತಿ ಅಥವಾ ಚಿತ್ರರೂಪದ ಕಡತ ಸಾಲದು. ಎರಡು, ಹಳೆಯ ಫಾಂಟುಗಳಲ್ಲಿ ಸಿಲುಕಿರುವ ಪ್ರಬಂಧಗಳನ್ನು ಪರಿವರ್ತಿಸಿ, ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದುವ ಕಾರ್ಯವನ್ನು ಗ್ರಂಥಸಂಪಾದನೆಯ ಅಭ್ಯಾಸವಾಗಿ ಎಂ.ಎ. ವಿದ್ಯಾರ್ಥಿಗಳಿಗೆ ಒಪ್ಪಿಸಬೇಕು. ಮೂರು, ಹಸ್ತಪ್ರತಿಶಾಸ್ತ್ರ ಮತ್ತು ಲಿಪಿಶಾಸ್ತ್ರದ ಪತ್ರಿಕೆಗಳಲ್ಲಿ ಸಂಕೇತೀಕರಣ ಹಾಗೂ ಜಾಲದ ಒಡಂಬಡಿಕೆಗಳನ್ನು ಕುರಿತು ಒಂದು ಘಟಕವನ್ನಾದರೂ ಸೇರಿಸಬೇಕು. ಇವುಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಮೊದಲನೆಯದಕ್ಕೆ ಒಂದು ಸುತ್ತೋಲೆ ಸಾಕು.

ಒಟ್ಟಿನಲ್ಲಿ, ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಕನ್ನಡ ಬರಹವು ದಾಟಿಬಂದ ಪ್ರತಿಯೊಂದು ಹೊಸ್ತಿಲಲ್ಲಿಯೂ ಕನ್ನಡ ವಿದ್ವಾಂಸರು ನಿಂತಿದ್ದರು, ಪಾಠವನ್ನು ಕಾದುಕೊಂಡರು. ಅಚ್ಚಿನಿಂದ ಜಾಲಕ್ಕೆ ದಾಟುವ ಹೊಸ್ತಿಲಲ್ಲಿ ಆ ಕಾವಲನ್ನು ನಾವು ಬೇರೆಯವರಿಗೆ ಬಿಟ್ಟುಕೊಟ್ಟೆವು. ಅವರು ತಮಗೆ ತಿಳಿದಷ್ಟು ಮಾಡಿದ್ದಾರೆ. ಉಳಿದದ್ದು ಕನ್ನಡ ತಿಳಿದವರ ಕೆಲಸ.